ಖಾಲಿ ಇಡಬೇಕಿದ್ದ ಕುರ್ಚಿ: ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಒಂದು ಬಹಿರಂಗ ಪತ್ರ

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳಿಗೆ,

ಮಾನ್ಯರೇ,

1979ರ ಸೆಪ್ಟೆಂಬರ್ 21ರಂದು ನಿಮ್ಮ ಸಭೆಯಲ್ಲಿ ಒಂದು ಮತದಾನ ನಡೆಯಿತು. ಕಾಂಬೋಡಿಯಾದ ಕುರ್ಚಿಯಲ್ಲಿ ಯಾರು ಕೂರಬೇಕು ಎನ್ನುವುದು ಪ್ರಶ್ನೆ. ಪೋಲ್ ಪಾಟ್ ನಾಯಕನಾಗಿದ್ದ ಕಮ್ಯುನಿಸ್ಟ್ ಪಕ್ಷ ಖ್ಮೇರ್ ರೂಜ್‌ನ ಸರ್ಕಾರದವರೇ ಕೂರಲಿ ಎಂದು 71 ದೇಶಗಳು ಕೈ ಎತ್ತಿದವು. 35 ದೇಶಗಳು ಬೇಡ ಎಂದವು. 34 ದೇಶಗಳು ಯಾವ ಕಡೆಗೂ ಸೇರಲಿಲ್ಲ. ಅಷ್ಟು ಹೊತ್ತಿಗೆ ಆ ಸರ್ಕಾರ ರಾಜಧಾನಿ ಬಿಟ್ಟು ಓಡಿಹೋಗಿ ಎಂಟು ತಿಂಗಳು ಕಳೆದಿತ್ತು. ಥಾಯ್ಲೆಂಡ್ ಗಡಿಯ ಕಾಡಿನಲ್ಲಿ ಅದು ಅಡಗಿತ್ತು. ಅದು ಕೊಂದವರ ಗುಂಡಿಗಳು ಊರೂರಲ್ಲಿ ಒಂದೊಂದಾಗಿ ಸಿಗುತ್ತಿದ್ದವು.

ನಾನು ಬೆಂಗಳೂರಿನವಳು. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಕಾಂಬೋಡಿಯಾದಲ್ಲಿ ನನಗೆ ಬಂಧುಬಳಗ ಯಾರೂ ಇಲ್ಲ. ಆದರೆ ನಿಮ್ಮ ಸಭೆ ಜಗತ್ತಿನ ಎಲ್ಲ ಜನರ ಹೆಸರಿನಲ್ಲಿ ಮಾತಾಡುತ್ತದೆ. ಹಾಗಿದ್ದ ಮೇಲೆ ಆ ಹೆಸರಿನಲ್ಲಿ ನನ್ನದೂ ಒಂದು ಪಾಲಿದೆ ಅಲ್ವಾ? ಆ ಹಕ್ಕಿನಿಂದಲೇ ಕೇಳುತ್ತಿದ್ದೇನೆ. 1979ರ ಆ ಮತ ತಪ್ಪಾಗಿತ್ತು ಎಂದು ಈ ಸಭೆ ಒಂದು ನಿರ್ಣಯ ಮಾಡಿ ಹೇಳಬೇಕು.

ನಡೆದದ್ದೇನು ಎಂದು ಮೊದಲು ಹೇಳುತ್ತೇನೆ. ನಿಮ್ಮಲ್ಲಿ ಹಲವರು ಆಗ ಹುಟ್ಟೇ ಇರಲಿಲ್ಲ.

1969ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಕಾಂಬೋಡಿಯಾದ ಹಳ್ಳಿಗಳ ಮೇಲೆ ಬಾಂಬು ಸುರಿಸಿದವು. ಗುರಿ ವಿಯೆಟ್ನಾಂ ಸೈನಿಕರ ಅಡಗುತಾಣಗಳಾಗಿದ್ದವು, ಸತ್ತವರಲ್ಲಿ ಬೇಸಾಯ ಮಾಡಿಕೊಂಡಿದ್ದವರು ಬೇಕಾದಷ್ಟಿದ್ದರು. 1970ರಲ್ಲಿ ದೇಶ ಆಳುತ್ತಿದ್ದ ಸಿಹಾನೂಕ್ ಅವರನ್ನು ಇಳಿಸಿ ಲಾನ್ ನೋಲ್ ಅಧಿಕಾರ ಹಿಡಿದ. ಅಂತರ್ಯುದ್ಧ ಶುರುವಾಯಿತು. ಹಳ್ಳಿ ಬಿಟ್ಟವರೆಲ್ಲ ರಾಜಧಾನಿ ನಾಮ್ ಪೆನ್‌ಗೆ ಬಂದು ತುಂಬಿಕೊಂಡರು. ಆ ಸಿಟ್ಟು, ಆ ಹಸಿವು ಖ್ಮೇರ್ ರೂಜ್‌ನ ಬೆಳೆಗೆ ಗೊಬ್ಬರವಾಯಿತು. 1975ರ ಏಪ್ರಿಲ್ 17ರಂದು ಕಪ್ಪು ಬಟ್ಟೆ ತೊಟ್ಟ ಹುಡುಗರು ನಾಮ್ ಪೆನ್ ಒಳಗೆ ಬಂದಾಗ ಜನ ಮನೆಯಿಂದ ಹೊರಗೆ ಬಂದು ಸಂತೋಷಪಟ್ಟರು. ಯುದ್ಧ ಮುಗಿಯಿತಲ್ಲ ಅಂದುಕೊಂಡರು.

ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಅಮೆರಿಕದವರು ಬಾಂಬು ಹಾಕುತ್ತಾರೆ, ಮೂರು ದಿನದ ಮಟ್ಟಿಗೆ ಊರು ಬಿಡಿ ಎಂದು ಹೇಳಿ ಇಡೀ ನಗರವನ್ನು ಖಾಲಿ ಮಾಡಿಸಿದರು. ಸುಮಾರು 20 ಲಕ್ಷ ಜನ ರಸ್ತೆಗೆ ಬಿದ್ದರು. ಏಪ್ರಿಲ್ ತಿಂಗಳು, ಅಲ್ಲಿ ಅದೇ ಸುಡುಬೇಸಿಗೆ. ಆಸ್ಪತ್ರೆಯಲ್ಲಿದ್ದವರನ್ನೂ ಬಿಡಲಿಲ್ಲ. ರೋಗಿಗಳನ್ನು ಮಂಚದ ಸಮೇತ ತಳ್ಳಿಕೊಂಡು ಹೋದರು ಮನೆಯವರು. ಮೂರು ದಿನ ಎಂದದ್ದು ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನವಾಯಿತು. ಕಾಂಬೋಡಿಯಾದ ಜನ ಇವತ್ತಿಗೂ ಆ ಕಾಲವನ್ನು ಹೀಗೆಯೇ, ದಿನದ ಲೆಕ್ಕದಲ್ಲೇ ಹೇಳುತ್ತಾರೆ.

ಆ ದಿನಗಳಲ್ಲಿ ಹಣ ರದ್ದಾಯಿತು. ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನೇ ಸ್ಫೋಟಿಸಿದರು. ಸಂತೆ ಇಲ್ಲ, ಅಂಚೆ ಇಲ್ಲ, ಶಾಲೆ ಇಲ್ಲ. ಬೌದ್ಧ ಭಿಕ್ಷುಗಳ ಕಾವಿ ಬಿಚ್ಚಿಸಿ ಗದ್ದೆಗೆ ಅಟ್ಟಿದರು. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಎಲ್ಲರೂ ಸಾಮೂಹಿಕ ಊಟದ ಚಪ್ಪರದಲ್ಲಿ ಸಾಲಾಗಿ ನಿಂತು ತೆಳ್ಳನೆಯ ಗಂಜಿ ಕುಡಿಯಬೇಕು. ಹೊಲದ ಬದುವಿನಲ್ಲಿ ಸಿಕ್ಕ ಏಡಿಯನ್ನೋ ಗೆಣಸನ್ನೋ ಕದ್ದು ತಿಂದರೆ ಅದು ಅಪರಾಧ. ಒಂದು ಹೆಕ್ಟೇರಿಗೆ ಮೂರು ಟನ್ ಭತ್ತ ಬೆಳೆಯಬೇಕು ಎಂದು ಮೇಲಿನಿಂದ ಅಪ್ಪಣೆ ಬಂತು. ಎತ್ತಿಲ್ಲ, ಗೊಬ್ಬರವಿಲ್ಲ, ಹೊಟ್ಟೆಗೂ ಇಲ್ಲ. ಅಷ್ಟು ಬೆಳೆಯುವುದಾದರೂ ಹೇಗೆ? ಕೆಳಗಿನ ಅಧಿಕಾರಿಗಳು ಜೀವಭಯದಿಂದ ಬೆಳೆದಿದ್ದೇವೆ ಎಂದು ಸುಳ್ಳು ಲೆಕ್ಕ ಬರೆದರು. ಆ ಸುಳ್ಳು ಲೆಕ್ಕದ ಪ್ರಕಾರ ಮೇಲಿನವರು ಭತ್ತ ಎತ್ತಿಕೊಂಡು ಹೋದರು. ಬೆಳೆದವರು ಹಸಿದು ಸತ್ತರು. ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ ಎಂಬ ಪ್ರಶ್ನೆ ಬಂದಾಗ, ಒಳಗೆ ಶತ್ರುಗಳಿದ್ದಾರೆ ಎಂಬ ಉತ್ತರ ಸಿದ್ಧವಾಗಿತ್ತು. ಶತ್ರುಗಳನ್ನು ಹುಡುಕುವ ಕೆಲಸ ಶುರುವಾಯಿತು.

ಚಾಮ್ ಮುಸ್ಲಿಮರ ಕುರಾನ್ ಪ್ರತಿಗಳನ್ನು ಕಸಿದುಕೊಂಡರು, ಅವರಿಗೆ ಬಲವಂತವಾಗಿ ಹಂದಿಮಾಂಸ ತಿನ್ನಿಸಿದರು. 1975ರಲ್ಲೇ ಮೆಕಾಂಗ್ ನದಿ ದಡದ ಚಾಮ್ ಹಳ್ಳಿಗಳು ಕತ್ತಿ ಕೊಡಲಿ ಹಿಡಿದು ತಿರುಗಿಬಿದ್ದವು. ಆ ಹಳ್ಳಿಗಳನ್ನು ನೆಲಸಮ ಮಾಡಿದರು. ಕಾಂಬೋಡಿಯಾದಲ್ಲಿದ್ದ ವಿಯೆಟ್ನಾಂ ಮೂಲದವರಲ್ಲಿ ಹೆಚ್ಚಿನವರನ್ನು ಮೊದಲು ಗಡಿಯಾಚೆ ಓಡಿಸಿದರು, ಉಳಿದವರನ್ನು ಕೊಂದರು. ಒಟ್ಟು ಸತ್ತವರು ಸುಮಾರು 17 ಲಕ್ಷ ಎನ್ನುವುದು ಜಾಸ್ತಿ ಜನ ಒಪ್ಪುವ ಅಂದಾಜು. ದೇಶದ ಜನಸಂಖ್ಯೆಯೇ 80 ಲಕ್ಷದ ಆಸುಪಾಸು ಇತ್ತು. ಐದು ಜನರ ಮನೆಯಲ್ಲಿ ಒಬ್ಬರು ಹೋದರು ಎಂದರೆ ಲೆಕ್ಕ ತಪ್ಪುವುದಿಲ್ಲ.

ಈಗ ಕರ್ನಾಟಕದಿಂದಲೂ ಪ್ರವಾಸಿಗರು ತಂಡ ಕಟ್ಟಿಕೊಂಡು ಅಂಗ್ಕೋರ್ ವಾಟ್ ನೋಡಲು ಹೋಗುತ್ತಾರೆ. ನಾನೂ ಹಾಗೇ ಹೋಗಿ, ಬಳಿಕ ನಾಮ್ ಪೆನ್‌ನ ತುವೋಲ್ ಸ್ಲೆಂಗ್‌ಗೂ ಹೋದೆ. ಅದು ಶಾಲೆ. ನಾನು ಕೆಲಸ ಮಾಡಿದಂಥದ್ದೇ ಶಾಲೆ. ಮೂರು ಅಂತಸ್ತಿನ ಕಟ್ಟಡಗಳು, ಉದ್ದ ವರಾಂಡ, ನೆಲಕ್ಕೆ ಬಿಳಿ-ಹಳದಿ ಟೈಲ್ಸು, ನಡುವೆ ಆಟದ ಬಯಲು. ಖ್ಮೇರ್ ರೂಜ್ ಅದನ್ನು ಎಸ್-21 ಎಂಬ ಜೈಲು ಮಾಡಿಕೊಂಡಿತು. ತರಗತಿಯೊಳಗೆ ಇಟ್ಟಿಗೆ ಕಟ್ಟಿ ಒಬ್ಬರು ಕಾಲು ಚಾಚಲೂ ಆಗದಷ್ಟು ಸಣ್ಣ ಗೂಡುಗಳನ್ನು ಮಾಡಿದ್ದಾರೆ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗಲು ಗೋಡೆಯನ್ನೇ ಒಡೆದಿದ್ದಾರೆ. ಕೆಲವು ಕೋಣೆಗಳಲ್ಲಿ ಕಪ್ಪುಹಲಗೆ ಹಾಗೇ ಇದೆ. ವರಾಂಡಕ್ಕೆ ಮೇಲಿನಿಂದ ಕೆಳಗಿನವರೆಗೆ ಮುಳ್ಳುತಂತಿ ಹೊಡೆದಿದ್ದಾರೆ, ಕೈದಿಗಳು ಮೇಲಿನಿಂದ ಹಾರಿ ಸಾಯಬಾರದೆಂದು. ಮಕ್ಕಳು ವ್ಯಾಯಾಮ ಮಾಡುತ್ತಿದ್ದ ಮರದ ಕಂಬಕ್ಕೆ ಮನುಷ್ಯರನ್ನು ತಲೆಕೆಳಗಾಗಿ ನೇತುಹಾಕಿ, ಎಚ್ಚರ ತಪ್ಪಿದಾಗ ಕೊಳಕು ನೀರಿನ ಹಂಡೆಯಲ್ಲಿ ಮುಳುಗಿಸುತ್ತಿದ್ದರು. ಆ ಕಂಬ, ಆ ಹಂಡೆ ಎರಡೂ ಬಯಲಿನಲ್ಲೇ ಇವೆ.

ಕೆಳಗಿನ ಕೋಣೆಗಳಲ್ಲಿ ಫೋಟೊಗಳು. ಒಳಗೆ ಬಂದ ಪ್ರತಿಯೊಬ್ಬರ ಫೋಟೊ ತೆಗೆಯುವುದು ಅಲ್ಲಿನ ನಿಯಮವಾಗಿತ್ತು. ಎದೆಯ ಮೇಲೆ ನಂಬರು. ಒಬ್ಬ ಹುಡುಗನ ಮೈಮೇಲೆ ಅಂಗಿ ಇಲ್ಲ, ನಂಬರಿನ ಚೀಟಿಯನ್ನು ಪಿನ್ನಿನಿಂದ ಅವನ ಚರ್ಮಕ್ಕೇ ಚುಚ್ಚಿದ್ದಾರೆ. ನಾನು ಪಾಠ ಮಾಡಿದ ಏಳನೇ ಕ್ಲಾಸಿನ ಮಕ್ಕಳ ವಯಸ್ಸಿನವನು. ಆ ಫೋಟೊದ ಮುಂದೆ ನನಗೆ ನಿಲ್ಲಲಾಗಲಿಲ್ಲ.

ಆ ಜೈಲಿನ ಮುಖ್ಯಸ್ಥ ಡುಯ್ಕ್ ಮೊದಲು ಗಣಿತದ ಮೇಷ್ಟ್ರು. ಪೋಲ್ ಪಾಟ್ ಕೂಡ ಪಾಠ ಮಾಡಿದವನು. ಖ್ಮೇರ್ ರೂಜ್‌ನ ಇತರ ನಾಯಕರಾದ ಇಯೆಂಗ್ ಸಾರಿ, ಸೋನ್ ಸೆನ್, ಇವರೆಲ್ಲ ಪ್ಯಾರಿಸ್‌ನಲ್ಲಿ ಓದಿ ಬಂದು ಶಾಲೆಗಳಲ್ಲಿ ಕೆಲಸ ಮಾಡಿದವರು. ಅವರೇ ಮುಂದೆ ಶಿಕ್ಷಕರನ್ನು, ಡಾಕ್ಟರುಗಳನ್ನು, ಬರೀ ಓದು ಬರಹ ಕಲಿತವರನ್ನೂ ಹುಡುಕಿ ಹುಡುಕಿ ಕೊಲ್ಲಿಸಿದರು. ವೃತ್ತಿಯಿಂದ ಶಿಕ್ಷಕಿಯಾದ ನನಗೆ ಇದನ್ನು ಅರಗಿಸಿಕೊಳ್ಳಲು ಇನ್ನೂ ಆಗಿಲ್ಲ. ಆ ಜೈಲಿನಲ್ಲಿ ಸತ್ತವರು ಕನಿಷ್ಠ 12,000ಕ್ಕೂ ಹೆಚ್ಚು ಎಂದು ಮುಂದೆ ನ್ಯಾಯಾಲಯ ಹೇಳಿತು. ಉಳಿದವರು ಬೆರಳೆಣಿಕೆ. ವಾನ್ ನಾಥ್ ಪೋಲ್ ಪಾಟ್‌ನ ಚಿತ್ರ ಬರೆಯಬಲ್ಲವನಾಗಿದ್ದ, ಅದಕ್ಕೆ ಉಳಿದ. ಚುಮ್ ಮೇ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಬಲ್ಲವನಾಗಿದ್ದ, ಅದಕ್ಕೆ ಉಳಿದ. ವಿದೇಶದಲ್ಲಿದ್ದ ಕಾಂಬೋಡಿಯಾದ ವಿದ್ಯಾವಂತರಿಗೆ, ರಾಯಭಾರ ಕಚೇರಿಯವರಿಗೆ, ದೇಶ ಕಟ್ಟಲು ಬನ್ನಿ ಎಂದು ಕರೆ ಹೋಗಿತ್ತು. ನಂಬಿ ಬಂದವರಲ್ಲಿ ಎಷ್ಟೋ ಜನ ಇದೇ ಶಾಲೆಗೆ ಬಂದು ಸೇರಿದರು. ಆಗ ವಿದೇಶಾಂಗ ಖಾತೆ ಇದ್ದದ್ದು ಇಯೆಂಗ್ ಸಾರಿ ಕೈಯಲ್ಲಿ. ವರ್ಷ ವರ್ಷ ನ್ಯೂಯಾರ್ಕಿಗೆ ಬಂದು ನಿಮ್ಮ ವೇದಿಕೆಯಲ್ಲಿ ಭಾಷಣ ಮಾಡಿ ಹೋಗುತ್ತಿದ್ದದ್ದೂ ಅವನೇ.

ಜಗತ್ತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಥಾಯ್ಲೆಂಡ್ ಗಡಿ ದಾಟಿ ಬಂದ ನಿರಾಶ್ರಿತರು ಮೊದಲ ವರ್ಷದಿಂದಲೇ ಹೇಳುತ್ತಿದ್ದರು. ಖ್ಮೇರ್ ಭಾಷೆ ಚೆನ್ನಾಗಿ ಬಲ್ಲ ಫ್ರೆಂಚ್ ಪಾದ್ರಿ ಫ್ರಾನ್ಸ್ವಾ ಪೋನ್ಶೋ ಆ ನಿರಾಶ್ರಿತರ ಮಾತುಗಳನ್ನು ಕೂತು ಬರೆದುಕೊಂಡರು, ಖ್ಮೇರ್ ರೂಜ್ ರೇಡಿಯೊ ಕೇಳಿ ತಾಳೆ ನೋಡಿದರು, 1976ರಲ್ಲೇ ಫ್ರಾನ್ಸಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಓಡಿಬಂದವರು ಸುಮ್ನೆ ಜಾಸ್ತಿ ಮಾಡಿ ಹೇಳುತ್ತಾರೆ ಎಂದು ಪಶ್ಚಿಮದ ಕೆಲವು ವಿದ್ವಾಂಸರು ವಾದಿಸಿದರು. ಅಮೆರಿಕದ ಯುದ್ಧವನ್ನು ವಿರೋಧಿಸಿದ್ದವರಿಗೆ, ಅಮೆರಿಕವನ್ನು ಸೋಲಿಸಿದವರು ಇಂಥ ಕೆಲಸ ಮಾಡುತ್ತಾರೆ ಎಂದು ನಂಬುವುದು ಕಷ್ಟವಾಯಿತು. ಸ್ವೀಡನ್ನಿನಿಂದ ಗುನ್ನಾರ್ ಬರ್ಗ್‌ಸ್ಟ್ರೋಮ್ ಮತ್ತು ಗೆಳೆಯರು 1978ರಲ್ಲಿ ಅತಿಥಿಗಳಾಗಿ ಹೋದರು, ಪೋಲ್ ಪಾಟ್ ಜೊತೆ ಊಟ ಮಾಡಿದರು, ಎಲ್ಲ ಚೆನ್ನಾಗಿದೆ ಎಂದು ಬಂದು ಹೇಳಿದರು. 2008ರಲ್ಲಿ ಬರ್ಗ್‌ಸ್ಟ್ರೋಮ್ ಮತ್ತೆ ಕಾಂಬೋಡಿಯಾಕ್ಕೆ ಹೋಗಿ, ಬದುಕುಳಿದವರ ಎದುರು ನಿಂತು ಕ್ಷಮೆ ಕೇಳಿದರು. ಒಬ್ಬ ಸಾಮಾನ್ಯ ಮನುಷ್ಯನಿಗೆ ಅದು ಸಾಧ್ಯವಾಯಿತು. ನಿಮ್ಮ ಸಭೆಗೆ ಯಾಕೆ ಆಗಬಾರದು?

ಸರ್ಕಾರಗಳ ಮಾತಿಗೆ ಬರೋಣ. 1978ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಮಾನವ ಹಕ್ಕುಗಳನ್ನು ಜಗತ್ತಿನಲ್ಲೇ ಅತಿ ಕೆಟ್ಟದಾಗಿ ತುಳಿಯುತ್ತಿರುವುದು ಈ ಸರ್ಕಾರ ಎಂದರು. ಬ್ರಿಟನ್, ಕೆನಡಾ, ನಾರ್ವೆ, ಆಸ್ಟ್ರೇಲಿಯಾ ವಿಶ್ವಸಂಸ್ಥೆಗೆ ದಾಖಲೆ ಕೊಟ್ಟವು. ಟ್ಯುನೀಷಿಯಾದ ಅಬ್ದೆಲ್‌ವಹಾಬ್ ಬೂದಿಬಾ ಆಗ ನಿಮ್ಮದೇ ಮಾನವ ಹಕ್ಕುಗಳ ಉಪ ಆಯೋಗದ ಅಧ್ಯಕ್ಷರು. ಆ ದಾಖಲೆಗಳನ್ನೆಲ್ಲ ಓದಿ 1979ರ ಆರಂಭದಲ್ಲಿ ವರದಿ ಬರೆದರು. ನಾಜಿಗಳ ಕಾಲದ ನಂತರ ಇಷ್ಟು ಘೋರವಾದದ್ದು ಜಗತ್ತಿನಲ್ಲಿ ಎಲ್ಲೂ ನಡೆದಿಲ್ಲ ಎನ್ನುವ ಅರ್ಥದ ಮಾತು ಆ ವರದಿಯಲ್ಲಿದೆ. ಆಯೋಗ ಅದರ ಚರ್ಚೆಯನ್ನು ಮುಂದಕ್ಕೆ ಹಾಕಿತು. ಅಂದರೆ ಸೆಪ್ಟೆಂಬರ್‌ನಲ್ಲಿ ಕೈ ಎತ್ತಿದ 71 ದೇಶಗಳ ಮುಂದೆ ವಿಶ್ವಸಂಸ್ಥೆಯ ವರದಿಯೇ ಇತ್ತು.

ಮತ್ತೆ ಯಾಕೆ ಕೈ ಎತ್ತಿದರು? ಅವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುರುಳಿತ್ತು. ಖ್ಮೇರ್ ರೂಜ್ ಸೈನಿಕರು ಗಡಿ ದಾಟಿ ವಿಯೆಟ್ನಾಂ ಹಳ್ಳಿಗಳಿಗೆ ನುಗ್ಗಿ ಕೊಲ್ಲುತ್ತಿದ್ದರು. 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಎಂಬ ಒಂದೇ ಊರಿನಲ್ಲಿ 3,000ಕ್ಕೂ ಜಾಸ್ತಿ ಜನರನ್ನು ಕೊಂದರು. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ವಿಯೆಟ್ನಾಂ ಸೇನೆ ಒಳನುಗ್ಗಿ, 1979ರ ಜನವರಿ 7ರಂದು ನಾಮ್ ಪೆನ್ ಹಿಡಿಯಿತು. ಹೆಂಗ್ ಸಮ್ರಿನ್ ಮುಂದಾಳತ್ವದ ಹೊಸ ಸರ್ಕಾರವನ್ನು ಕೂರಿಸಿತು. ಆ ಸೇನೆ 1989ರವರೆಗೂ ಅಲ್ಲೇ ಉಳಿಯಿತು. ದೊಡ್ಡ ನೆರೆಯ ದೇಶ ಸೈನ್ಯ ನುಗ್ಗಿಸಿ ಸರ್ಕಾರ ಬದಲಿಸಿದರೆ, ನಾಳೆ ನಮ್ಮ ಗತಿ ಏನು ಎಂದು ಸಿಂಗಪುರದಂಥ ಚಿಕ್ಕ ದೇಶಗಳು ಹೆದರಿದವು. ಆ ಹೆದರಿಕೆ ನಿಜವಾದದ್ದೇ. ಅದರ ಬೆನ್ನಿಗೆ ದೊಡ್ಡವರ ಲೆಕ್ಕಾಚಾರ ಬೇರೆ ಇತ್ತು. ವಿಯೆಟ್ನಾಂ ಸೋವಿಯತ್ ಒಕ್ಕೂಟದ ಮಿತ್ರ. ಚೀನಾ ಖ್ಮೇರ್ ರೂಜ್‌ಗೆ ಮೊದಲಿನಿಂದ ಶಸ್ತ್ರ, ಹಣ, ಸಲಹೆಗಾರರನ್ನು ಕೊಟ್ಟ ದೇಶ. ಅಮೆರಿಕಕ್ಕೆ ಆಗಷ್ಟೇ ಚೀನಾದ ಸ್ನೇಹ ಸಿಕ್ಕಿತ್ತು. ಹಾಗಾಗಿ ಪೋಲ್ ಪಾಟ್ ಸರ್ಕಾರಕ್ಕೆ ಯಾವತ್ತೂ ಮಾನ್ಯತೆ ಕೊಡದ ಅಮೆರಿಕ ಅವನ ಪ್ರತಿನಿಧಿಗಳ ಪರ ಮತ ಹಾಕಿತು.

ಆದರೆ ವಿಯೆಟ್ನಾಂ ಮಾಡಿದ್ದು ತಪ್ಪು ಎನ್ನಲು ಪೋಲ್ ಪಾಟ್‌ನ ಜನರನ್ನು ಕೂರಿಸಬೇಕಾಗಿರಲಿಲ್ಲ. ಮೂರನೇ ದಾರಿ ಇತ್ತು. ಇಬ್ಬರಿಗೂ ಬೇಡ, ಸದ್ಯಕ್ಕೆ ಕುರ್ಚಿ ಖಾಲಿ ಇರಲಿ ಎಂದು ಅವತ್ತು ಹೇಳಿದ್ದು ಭಾರತ. ನಮ್ಮ ದೇಶದ ಆ ಮಾತಿನ ಬಗ್ಗೆ ನನಗೆ ಅಭಿಮಾನವಿದೆ. ಅದನ್ನು ಸಭೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕೆಲಸ ಕಾಗದಪತ್ರ ನೋಡುವುದಷ್ಟೇ, ಸರ್ಕಾರದ ಗುಣ ಅಳೆಯುವುದಲ್ಲ ಎಂದು ಆಗ ಸಮರ್ಥನೆ ಕೊಡಲಾಯಿತು. ಈ ಸಮರ್ಥನೆ ನಿಲ್ಲುವುದಿಲ್ಲ. ಒಂದೇ ದೇಶದ ಹೆಸರಿನಲ್ಲಿ ಇಬ್ಬರು ಬಂದು ನಿಂತರೆ ವಿಶ್ವಸಂಸ್ಥೆಯ ಸನ್ನದಿನ ಉದ್ದೇಶಗಳನ್ನೂ ಆಯಾ ಸಂದರ್ಭವನ್ನೂ ನೋಡಿ ತೀರ್ಮಾನಿಸಬೇಕು ಎಂದು 1950ರಲ್ಲೇ ಈ ಸಭೆ ನಿರ್ಣಯ ಮಾಡಿತ್ತು. 1974ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ನಿಯೋಗವನ್ನು ಇದೇ ಸಭೆ ಹೊರಗಿಟ್ಟಿತು. ಅದು ಈ ಸಭೆಯ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಒಂದು. ಬರೀ ಕಾಗದ ನೋಡಿದ್ದರೆ ಅದು ಆಗುತ್ತಿತ್ತೇ? ಇನ್ನು ಹೊರಗಿನ ಸೈನ್ಯ ತಂದು ಕೂರಿಸಿದ ಸರ್ಕಾರ ಎಂಬ ಆಕ್ಷೇಪ. ಉಗಾಂಡಕ್ಕೆ ನುಗ್ಗಿದ್ದ ಟಾಂಜಾನಿಯಾದ ಸೇನೆ 1979ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್‌ನನ್ನು ಓಡಿಸಿತು. ಉಗಾಂಡದ ಹೊಸ ಸರ್ಕಾರ ಅದೇ ಅಧಿವೇಶನದಲ್ಲಿ ತನ್ನ ಕುರ್ಚಿಯಲ್ಲಿ ಕೂತಿತು. ಅಮೀನ್‌ನ ಜನರನ್ನು ಕರೆದು ಕೂರಿಸಬೇಕು ಎಂದು ಯಾರೂ ಹಠ ಹಿಡಿಯಲಿಲ್ಲ.

ಭಾರತದವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಕಗ್ಗೊಲೆ ನಡೆದು ಸುಮಾರು ಒಂದು ಕೋಟಿ ಜನ ನಮ್ಮ ಗಡಿ ದಾಟಿ ಬಂದಿದ್ದರು. ನಮ್ಮ ಸೇನೆ ಒಳಗೆ ಹೋದಾಗ, ಯುದ್ಧ ನಿಲ್ಲಿಸಿ ಹಿಂದೆ ಸರಿಯಿರಿ ಎಂದು ಈ ಸಭೆ 104ಕ್ಕೆ 11 ಮತಗಳಿಂದ ಹೇಳಿತು. ಕೊಲ್ಲುವವರನ್ನು ತಡೆಯಲು ಆಗದ ಸಭೆಗೆ ತಡೆದವರನ್ನು ಪ್ರಶ್ನಿಸುವುದು ಯಾಕೆ ಅಷ್ಟು ಸುಲಭವಾಗುತ್ತದೆ ಎಂದು ಆಗಿನವರು ಕೇಳಿದ್ದರು. ನಾನೂ ಕೇಳುತ್ತೇನೆ.

ಬರೀ ಒಂದು ಕುರ್ಚಿ ತಾನೇ, ಅದರಿಂದ ಏನಾಯಿತು ಎಂದು ಯಾರಾದರೂ ಅನ್ನಬಹುದು. ತುಂಬಾ ಆಯಿತು. ಕಾಂಬೋಡಿಯಾದ ಒಳಗೆ ಬದುಕಿ ಉಳಿದವರು ಬಹುಪಾಲು ಹೆಂಗಸರು, ಮಕ್ಕಳು. ಬೀಜದ ಭತ್ತವಿಲ್ಲ, ಶಾಲೆಗೆ ಮೇಷ್ಟ್ರಿಲ್ಲ, ಆಸ್ಪತ್ರೆಗೆ ಡಾಕ್ಟರಿಲ್ಲ. ಮಾನ್ಯತೆ ಇಲ್ಲದ ಸರ್ಕಾರ ಎಂಬ ಕಾರಣಕ್ಕೆ ವಿಶ್ವಸಂಸ್ಥೆಯಿಂದ ಅವರಿಗೆ ತುರ್ತು ನೆರವಷ್ಟೇ ಸಿಕ್ಕಿತು, ಅಭಿವೃದ್ಧಿ ನೆರವು ಸಿಗಲಿಲ್ಲ. ಹಸಿದವರಿಗೆ ಅಕ್ಕಿ ಕೊಡಬಹುದು, ಆ ಅಕ್ಕಿ ಬೆಳೆಯಲು ಬೇಕಾದ ಕಾಲುವೆ ಕಟ್ಟಿಕೊಡುವಂತಿಲ್ಲ. ಈ ಸ್ಥಿತಿ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಪೋಲ್ ಪಾಟ್ ಕೈಯಲ್ಲಿ ಸಾಯದೆ ಉಳಿದದ್ದೇ ಅವರ ತಪ್ಪಾಯಿತೇ?

ಗಡಿಯಲ್ಲಿ ನಡೆದದ್ದು ಇನ್ನೊಂದು ಕಥೆ. 1979ರ ಜೂನ್‌ನಲ್ಲಿ ಥಾಯ್ಲೆಂಡ್ ಸೇನೆ 40,000ಕ್ಕೂ ಹೆಚ್ಚು ನಿರಾಶ್ರಿತರನ್ನು ಬಸ್ಸುಗಳಲ್ಲಿ ತುಂಬಿಕೊಂಡು ಪ್ರೇಹ್ ವಿಹಾರ್‌ಗೆ ತಂದಿತು. ಅದು ಬೆಟ್ಟದ ಅಂಚಿನಲ್ಲಿರುವ ಪ್ರಾಚೀನ ಶಿವ ದೇವಾಲಯ. ಅಲ್ಲಿಂದ ಬಂದೂಕು ತೋರಿಸಿ ಜನರನ್ನು ಕಡಿದಾದ ಬೆಟ್ಟದ ಕೆಳಕ್ಕೆ ಇಳಿಸಿದರು. ಕೆಳಗೆ ನೆಲಬಾಂಬುಗಳು. ಹಿಂದಕ್ಕೆ ಹತ್ತಿದರೆ ಗುಂಡು, ಮುಂದಕ್ಕೆ ಹೋದರೆ ಬಾಂಬು. ಸಾವಿರಾರು ಜನ ಅಲ್ಲೇ ಸತ್ತರು. ಆ ವರ್ಷದ ಕೊನೆಗೆ ಗಡಿಯಲ್ಲಿ ಶಿಬಿರಗಳೆದ್ದವು. ಅಲ್ಲಿ ಹಸಿದ ಕುಟುಂಬಗಳ ಜೊತೆ ಖ್ಮೇರ್ ರೂಜ್ ಸೈನಿಕರೂ ಹೊಟ್ಟೆ ತುಂಬಿಸಿಕೊಂಡು ಚೇತರಿಸಿಕೊಂಡರು. ಚೀನಾದ ಶಸ್ತ್ರಗಳು ಥಾಯ್ಲೆಂಡ್ ಮೂಲಕ ಬಂದು ತಲುಪಿದವು. ಸತ್ತೇಹೋಗಬೇಕಿದ್ದ ಸೈನ್ಯಕ್ಕೆ ಮತ್ತೆ ಜೀವ ಬಂತು. ಯುದ್ಧ 1990ರ ದಶಕದ ಕೊನೆಯವರೆಗೂ ಎಳೆಯಿತು. ಎರಡೂ ಕಡೆಯವರು ಹುಗಿದ ನೆಲಬಾಂಬುಗಳಿಗೆ ಹತ್ತಾರು ಸಾವಿರ ಜನ ಕೈಕಾಲು ಕಳೆದುಕೊಂಡರು. ಗದ್ದೆ ಉಳುವ ರೈತನಿಗೆ, ದನ ಮೇಯಿಸುವ ಹುಡುಗನಿಗೆ ಈಗಲೂ ಆ ಭಯ ಪೂರ್ತಿ ಹೋಗಿಲ್ಲ.

1982ರಲ್ಲಿ ಸಿಹಾನೂಕ್ ಮತ್ತು ಹಿಂದೆ ಪ್ರಧಾನಿಯಾಗಿದ್ದ ಸೋನ್ ಸಾನ್ ಅವರನ್ನೂ ಸೇರಿಸಿಕೊಂಡು ಒಂದು ಸಮ್ಮಿಶ್ರ ಸರ್ಕಾರ ಎಂಬ ಹೆಸರು ಬಂತು. ಆದರೆ ಅದರಲ್ಲಿ ವಿದೇಶಾಂಗ ಖಾತೆ ಖ್ಮೇರ್ ರೂಜ್‌ನ ಖಿಯು ಸಂಫಾನ್ ಕೈಯಲ್ಲೇ ಇತ್ತು. ನ್ಯೂಯಾರ್ಕಿನ ರಾಯಭಾರಿಯೂ ಬದಲಾಗಲಿಲ್ಲ, ಖ್ಮೇರ್ ರೂಜ್‌ನ ಥಿಯೂನ್ ಪ್ರಾಸಿತ್ ಅವನೇ ಮುಂದುವರಿದ. ಇದೇ ಖಿಯು ಸಂಫಾನ್‌ನನ್ನು 2018ರ ನವೆಂಬರ್ 16ರಂದು, ವಿಶ್ವಸಂಸ್ಥೆಯೇ ಕೈಜೋಡಿಸಿ ಕಟ್ಟಿದ ನ್ಯಾಯಾಲಯ, ವಿಯೆಟ್ನಾಂ ಮೂಲದವರ ನರಮೇಧದ ಅಪರಾಧಿ ಎಂದು ಘೋಷಿಸಿತು. ಪೋಲ್ ಪಾಟ್ ನಂತರದ ಎರಡನೇ ನಾಯಕ ನುವಾನ್ ಚಿಯಾ ಚಾಮ್ ಜನರ ನರಮೇಧಕ್ಕೂ ಅಪರಾಧಿಯಾದ. 2022ರಲ್ಲಿ ಸಂಫಾನ್‌ನ ಮೇಲ್ಮನವಿಯೂ ಬಿದ್ದುಹೋಯಿತು. ಅಂದರೆ ನಿಮ್ಮ ನ್ಯಾಯಾಲಯ ಯಾರನ್ನು ಅಪರಾಧಿ ಎಂದಿತೋ, ಅವನ ಪಕ್ಷಕ್ಕೆ ನಿಮ್ಮ ಸಭೆ ಅಷ್ಟೂ ವರ್ಷ ಕುರ್ಚಿ ಕೊಟ್ಟಿತ್ತು. ಈ ಎರಡು ದಾಖಲೆಗಳು ಒಂದೇ ಸಂಸ್ಥೆಯ ಕಪಾಟಿನಲ್ಲಿವೆ. ಒಂದನ್ನು ತಿದ್ದದೆ ಇನ್ನೊಂದಕ್ಕೆ ಪೂರ್ಣ ಅರ್ಥ ಬರುವುದಿಲ್ಲ.

ಆ ನ್ಯಾಯಾಲಯ ಕೆಲಸ ಶುರುಮಾಡಿದ್ದೇ 2006ರಲ್ಲಿ. ಪೋಲ್ ಪಾಟ್ 1998ರ ಏಪ್ರಿಲ್ 15ರಂದು ಗಡಿಯ ಕಾಡಿನಲ್ಲಿ ಸತ್ತಿದ್ದ. ಇಯೆಂಗ್ ಸಾರಿ ವಿಚಾರಣೆ ಮುಗಿಯುವ ಮೊದಲೇ 2013ರಲ್ಲಿ ಸತ್ತ. ಕೊನೆಗೆ ಶಿಕ್ಷೆಯಾದದ್ದು ಮೂವರಿಗೆ ಮಾತ್ರ. ಈ ತಡಕ್ಕೆ ಕಾರಣ ಹುಡುಕಿದರೆ ಮತ್ತೆ ಆ ಕುರ್ಚಿಗೇ ಬಂದು ನಿಲ್ಲುತ್ತೇವೆ. ಕಾಂಬೋಡಿಯಾ 1950ರಲ್ಲೇ ನರಮೇಧ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿತ್ತು. ಒಪ್ಪಂದಕ್ಕೆ ಸೇರಿದ ಇನ್ನೊಂದು ದೇಶ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಒಯ್ಯಬಹುದಿತ್ತು. ಒಂದು ದೇಶವೂ ಹೋಗಲಿಲ್ಲ. ಸಭೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡವರ ಮೇಲೆ ಯಾರು ದೂರು ಕೊಡುತ್ತಾರೆ? 1991ರ ಪ್ಯಾರಿಸ್ ಶಾಂತಿ ಒಪ್ಪಂದದಲ್ಲೂ ನರಮೇಧದ ಹೆಸರೆತ್ತಲಿಲ್ಲ. ಹಿಂದಿನ ನೀತಿ ಮತ್ತು ನಡವಳಿಕೆಗಳು ಮರಳಬಾರದು ಎಂದು ತೇಲಿಸಿ ಬರೆದರು. ಖ್ಮೇರ್ ರೂಜ್ ಸಹಿ ಹಾಕಬೇಕಿತ್ತಲ್ಲ, ಅದಕ್ಕೆ. ಆ ಮೇಲೆ 1993ರ ಚುನಾವಣೆಯನ್ನು ಅವರೇ ಬಹಿಷ್ಕರಿಸಿದರು.

ಇದು ಹಳೆಯ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. 1994ರಲ್ಲಿ ರುವಾಂಡಾದಲ್ಲಿ ಟುಟ್ಸಿಗಳ ನರಮೇಧ ನಡೆಯುತ್ತಿದ್ದಾಗ, ಅದನ್ನು ನಡೆಸುತ್ತಿದ್ದ ಸರ್ಕಾರದ ರಾಯಭಾರಿ ಭದ್ರತಾ ಮಂಡಳಿಯ ಸದಸ್ಯನಾಗಿ ಕೂತಿದ್ದ. ಶಾಂತಿಪಡೆಯನ್ನು ಸುಮಾರು 270 ಜನಕ್ಕೆ ಇಳಿಸುವ ತೀರ್ಮಾನ ಆದಾಗಲೂ ಅಲ್ಲೇ ಇದ್ದ. ಶಸ್ತ್ರ ಮಾರಾಟಕ್ಕೆ ತಡೆ ಹಾಕುವ ನಿರ್ಣಯದ ವಿರುದ್ಧ ಮತವನ್ನೂ ಹಾಕಿದ. ಕಾಂಬೋಡಿಯಾದ ಕುರ್ಚಿಯಿಂದ ಪಾಠ ಕಲಿತಿದ್ದರೆ ಹದಿನೈದು ವರ್ಷಗಳ ನಂತರ ಇದು ಆಗುತ್ತಿತ್ತೇ?

ಈಚೆಗೆ ಸ್ವಲ್ಪ ಬದಲಾವಣೆ ಕಂಡಿದ್ದೇನೆ, ಅದನ್ನೂ ಹೇಳಬೇಕು. 2019ರಲ್ಲಿ ಪುಟ್ಟ ದೇಶ ಗಾಂಬಿಯಾ, ರೊಹಿಂಗ್ಯಾ ಜನರ ಪರವಾಗಿ ಮ್ಯಾನ್ಮಾರ್ ವಿರುದ್ಧ ಹೇಗ್‌ಗೆ ಹೋಯಿತು. 2021ರಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡಾಗ ಅದು ಕಳಿಸಿದವರನ್ನು, ಪ್ರತಿನಿಧಿಗಳ ಅಧಿಕಾರಪತ್ರ ನೋಡುವ ನಿಮ್ಮ ಒಂಬತ್ತು ಸದಸ್ಯರ ಸಮಿತಿ ತಕ್ಷಣ ಒಪ್ಪಲಿಲ್ಲ, ತೀರ್ಮಾನ ಮುಂದೂಡಿತು. ಅಂದರೆ ದಾರಿ ಇದೆ ಎಂದಾಯಿತು. ಆದರೆ ಅದು ಆಯಾ ವರ್ಷದ ಒಂಬತ್ತು ಸದಸ್ಯರ ಮರ್ಜಿಗೆ ಬಿಟ್ಟ ದಾರಿ. ಕಾಯಂ ನಿಯಮ ಆಗಿಲ್ಲ.

ಹಾಗಾಗಿ ಎರಡು ವಿಷಯ ಕೇಳುತ್ತೇನೆ. 1979ರಲ್ಲಿ ಮತ್ತು ಆ ನಂತರದ ವರ್ಷಗಳಲ್ಲಿ ಖ್ಮೇರ್ ರೂಜ್ ಪ್ರತಿನಿಧಿಗಳಿಗೆ ಮಾನ್ಯತೆ ಕೊಟ್ಟದ್ದಕ್ಕೆ ಸಭೆ ವಿಷಾದ ಸೂಚಿಸುವ ನಿರ್ಣಯವೊಂದನ್ನು ಅಂಗೀಕರಿಸಲಿ. ಅದರಲ್ಲಿ ಚಾಮ್ ಜನರ ಹೆಸರು, ವಿಯೆಟ್ನಾಂ ಮೂಲದವರ ಹೆಸರು, ಹಸಿವಿನಿಂದ ಸತ್ತ ಖ್ಮೇರ್ ರೈತರ ಮಾತು ಇರಲಿ. 2018ರ ತೀರ್ಪಿನ ಉಲ್ಲೇಖವೂ ಇರಲಿ. ಎರಡನೆಯದು, ಒಂದು ಸರ್ಕಾರ ತನ್ನ ಜನರ ನರಮೇಧ ಮಾಡುತ್ತಿದೆ ಎಂದು ವಿಶ್ವಸಂಸ್ಥೆಯದೇ ತನಿಖೆ ಹೇಳಿದರೆ, ಆ ದೇಶದ ಕುರ್ಚಿಯ ವಿಷಯ ಒಂಬತ್ತು ಜನರ ಸಮಿತಿಯಲ್ಲಿ ಮುಗಿಯದಿರಲಿ. ಇಡೀ ಸಭೆಯಲ್ಲಿ ತೆರೆದ ಚರ್ಚೆಯಾಗಲಿ, ಅಲ್ಲಿಯವರೆಗೆ ಕುರ್ಚಿ ಖಾಲಿ ಇರಲಿ. ಇದನ್ನು ಬಲಿಷ್ಠ ದೇಶಗಳು ತಮಗಾಗದವರ ಮೇಲೆ ದುರುಪಯೋಗ ಮಾಡಬಹುದು ಎಂಬ ಆತಂಕ ನನಗೂ ಇದೆ. ಅದಕ್ಕೇ ತನಿಖಾ ವರದಿ ಇರಲೇಬೇಕು, ಮತದಾನ ಹೆಸರು ಕೂಗಿ ಆಗಬೇಕು ಎನ್ನುತ್ತಿದ್ದೇನೆ. ಯಾರು ಯಾವ ಕಡೆ ಕೈ ಎತ್ತಿದರು ಎಂದು ಅವರವರ ದೇಶದ ಜನರಿಗೆ ಗೊತ್ತಾಗಲಿ.

ಭಾರತದ ನಿಯೋಗಕ್ಕೆ ಬೇರೆಯಾಗಿ ಒಂದು ಮಾತು. 1979ರಲ್ಲಿ ಕುರ್ಚಿ ಖಾಲಿ ಇಡಿ ಎಂದದ್ದು ನಾವು. 1980ರ ಜುಲೈನಲ್ಲಿ ಇಂದಿರಾ ಗಾಂಧಿ ಸರ್ಕಾರ ಹೆಂಗ್ ಸಮ್ರಿನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಆಗ ಅಷ್ಟು ಧೈರ್ಯ ಮಾಡಿದ ದೇಶಗಳು ಕಡಿಮೆ. 1986ರಿಂದ 1993ರವರೆಗೆ, ಯುದ್ಧ ಇನ್ನೂ ಪೂರ್ತಿ ನಿಲ್ಲದ ನೆಲದಲ್ಲಿ, ನಮ್ಮ ಪುರಾತತ್ವ ಇಲಾಖೆಯವರು ಅಂಗ್ಕೋರ್ ವಾಟ್‌ನ ಕಲ್ಲುಗಳನ್ನು ಸರಿಪಡಿಸಿದರು. 1992-93ರ ಶಾಂತಿಪಡೆಯಲ್ಲಿ ನಮ್ಮ ಸೈನಿಕರೂ ಇದ್ದರು. ತುವೋಲ್ ಸ್ಲೆಂಗ್‌ನ ಕೈದಿಗಳಲ್ಲಿ ಭಾರತೀಯರೂ ಇದ್ದರು ಎನ್ನುವುದನ್ನೂ ನಾವು ಮರೆಯಬಾರದು. ಇಷ್ಟೆಲ್ಲ ಇರುವಾಗ ಈ ನಿರ್ಣಯವನ್ನು ಮಂಡಿಸುವ ನೈತಿಕ ಹಕ್ಕು ನಮಗಿಂತ ಜಾಸ್ತಿ ಯಾರಿಗಿದೆ? ಕಾಂಬೋಡಿಯಾದ ಪ್ರತಿನಿಧಿಗಳ ಜೊತೆ ಮಾತಾಡಿ, ಅವರ ಒಪ್ಪಿಗೆ ಪಡೆದು, ಅವರೊಂದಿಗೆ ಸೇರಿ ಮಂಡಿಸಿ.

ಆ ಮೂರು ವರ್ಷ ಎಂಟು ತಿಂಗಳನ್ನು ಕಣ್ಣಾರೆ ಕಂಡವರಿಗೆ ಈಗ ವಯಸ್ಸಾಗಿದೆ. ಅವರಲ್ಲಿ ನೂರಾರು ಜನ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದ್ದಾರೆ, ತಮ್ಮ ಗಾಯ ತೋರಿಸಿದ್ದಾರೆ. ಅವರು ಬದುಕಿರುವಾಗಲೇ ಇದು ಆಗಬೇಕು. ಬರುವ ಸೆಪ್ಟೆಂಬರ್‌ನ ಅಧಿವೇಶನದ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕಿ,
ಬೆಂಗಳೂರು